ವಿದ್ಯುತ್ ಮೋಟಾರಿನ ನಿಯಂತ್ರಣ ವಿದ್ಯೆಯೂ ಪ್ರಯೋಗಶಾಲೆಯೂ

೧. ಪೀಠಿಕೆ

ಇತಿಹಾಸದ ಅಧ್ಯಾಪಕರು ವಿದ್ಯುತ್ ಮೋಟಾರಿನ ವಿಷಯವನ್ನು ಎತ್ತಿಕೊಳ್ಳುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಶಾಸನಗಳ ಕಾಲನಿರ್ಣಯ, ರಾಜವಂಶಗಳ ಏಳುಬೀಳು, ಭೂಕಂದಾಯದ ಪದ್ಧತಿಗಳು, ಇವು ನಮ್ಮ ಕ್ಷೇತ್ರಕ್ಕೆ ಸೇರಿದವು. ಯಂತ್ರದ ವಿಚಾರವನ್ನು ಯಂತ್ರಶಾಸ್ತ್ರಜ್ಞರಿಗೇ ಬಿಡಬಾರದೇಕೆ ಎಂದು ಅವರು ಕೇಳಬಹುದು. ಆದರೆ ಒಂದು ವಿದ್ಯೆಯು ಒಂದು ತಲೆಮಾರಿನಿಂದ ಮತ್ತೊಂದು ತಲೆಮಾರಿಗೆ ಹೇಗೆ ದಾಟಿತು, ದಾಟುವಾಗ ಏನನ್ನು ಉಳಿಸಿಕೊಂಡಿತು, ಏನನ್ನು ಕಳೆದುಕೊಂಡಿತು ಎಂಬುದು ನಿಸ್ಸಂದೇಹವಾಗಿ ಇತಿಹಾಸದ ಪ್ರಶ್ನೆಯೇ ಆಗಿದೆ. ವಿದ್ಯುತ್ ಮೋಟಾರನ್ನು ನಡೆಸುವ, ನಿಲ್ಲಿಸುವ, ಅದರ ವೇಗವನ್ನು ಅಂಕೆಯಲ್ಲಿಡುವ ವಿದ್ಯೆಗೆ ನೂರೈವತ್ತು ವರ್ಷಗಳಷ್ಟೂ ವಯಸ್ಸಾಗಿಲ್ಲ. ಆದುದರಿಂದ ಅದು ಬೆಳೆದು ಬಂದ ಮೆಟ್ಟಿಲುಗಳೆಲ್ಲವೂ ನಮ್ಮ ಕಣ್ಣೆದುರಿಗೇ ಇವೆ. ಅಷ್ಟೇ ಅಲ್ಲ, ಅವುಗಳಲ್ಲಿ ಬಹುಪಾಲು ಈಗಲೂ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಒಂದರ ಪಕ್ಕದಲ್ಲೊಂದು ಮೇಜುಗಳ ಮೇಲೆ ಕುಳಿತಿವೆ.

ಪ್ರಕೃತ ಲೇಖನದ ಉದ್ದೇಶ ಎರಡು. ಮೋಟಾರಿನ ನಿಯಂತ್ರಣವನ್ನು ವಿದ್ಯಾರ್ಥಿಯು ಕೈಯಿಂದ ಮಾಡಿ ಕಲಿಯುವಾಗ ಅವನಿಗೆ ನಿಜವಾಗಿ ಯಾವ ಜ್ಞಾನ ಲಭಿಸುತ್ತದೆ ಎಂಬುದನ್ನು ಸಾಧ್ಯವಾದಷ್ಟು ಸರಳವಾಗಿ ವಿವರಿಸುವುದು ಮೊದಲನೆಯದು. ಆ ರೀತಿಯ ಕಲಿಕೆಯನ್ನು ನಾವು ಕೈಬಿಟ್ಟರೆ ಆಗುವ ನಷ್ಟವೇನು ಎಂಬುದನ್ನು ವಿಚಾರಮಾಡುವುದು ಎರಡನೆಯದು. ಇದಕ್ಕಾಗಿ ನಾವು ಒಂದು ಅವಧಿಯ ಕಾಲ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯುದ್ಯಂತ್ರಗಳ ಪ್ರಯೋಗಶಾಲೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಕುಳಿತು ನೋಡಿದೆವು. ಅಧ್ಯಾಪಕರ ಅನುಮತಿಯಿಂದ ಕೆಲವು ತಂತಿಗಳನ್ನು ನಾವೂ ಜೋಡಿಸಿದೆವು.

೨. ಪ್ರಯೋಗಶಾಲೆ ಹುಟ್ಟಿದ ಬಗೆ

೧೮೨೧ರಲ್ಲಿ ಮೈಕೇಲ್ ಫ್ಯಾರಡೆಯು ವಿದ್ಯುತ್ತು ಹರಿಯುವ ತಂತಿಯು ಅಯಸ್ಕಾಂತದ ಸುತ್ತ ಸುತ್ತುವಂತೆ ಮಾಡಿ ತೋರಿಸಿದನು. ೧೮೩೪ರಲ್ಲಿ ಮೊರಿಟ್ಸ್ ಯಾಕೋಬಿಯು ಕೆಲಸ ಮಾಡಬಲ್ಲ ಮೋಟಾರೊಂದನ್ನು ರಚಿಸಿದನು. ಆದರೆ ಬ್ಯಾಟರಿಯ ವಿದ್ಯುತ್ತು ಬಹಳ ದುಬಾರಿಯಾದುದರಿಂದ ಮೋಟಾರು ದೀರ್ಘಕಾಲ ಪ್ರದರ್ಶನದ ವಸ್ತುವಾಗಿಯೇ ಉಳಿಯಿತು. ೧೮೭೩ರ ವಿಯೆನ್ನಾ ಪ್ರದರ್ಶನದಲ್ಲಿ ಗ್ರಾಮ್ ಎಂಬಾತನ ಡೈನಮೋ ಒಂದನ್ನು ಮತ್ತೊಂದು ಡೈನಮೋವಿನ ವಿದ್ಯುತ್ತಿನಿಂದ ತಿರುಗಿಸಿ ತೋರಿಸಿದ ಮೇಲೆ, ಡೈನಮೋವೇ ಮೋಟಾರೂ ಆಗಬಲ್ಲದೆಂಬುದು ಲೋಕಕ್ಕೆ ಸ್ಪಷ್ಟವಾಯಿತು. ಕೆಲಸಗಾರನೊಬ್ಬನು ತಂತಿಗಳನ್ನು ತಪ್ಪಾಗಿ ಜೋಡಿಸಿದುದರಿಂದ ಇದು ಗೊತ್ತಾಯಿತೆಂಬ ಪ್ರತೀತಿಯಿದೆ. ಅದನ್ನು ಪ್ರತೀತಿಯೆಂದೇ ತಿಳಿಯತಕ್ಕದ್ದು. ಆದರೂ ಈ ವಿದ್ಯೆಯಲ್ಲಿ ತಪ್ಪು ಜೋಡಣೆಗೂ ಕಲಿಸುವ ಶಕ್ತಿಯುಂಟೆಂಬುದನ್ನು ಅದು ಸೂಚಿಸುತ್ತದೆ.

ವಿದ್ಯುತ್ತನ್ನು ಒಂದು ಸ್ವತಂತ್ರ ಎಂಜಿನಿಯರಿಂಗ್ ಶಾಸ್ತ್ರವಾಗಿ ಕಲಿಸಲು ತೊಡಗಿದುದು ೧೮೮೦ರ ದಶಕದಲ್ಲಿ. ೧೮೮೨ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಎರಾಸ್ಮುಸ್ ಕಿಟ್ಲರ್ ಈ ಶಾಸ್ತ್ರದ ಪ್ರಾಧ್ಯಾಪಕನಾದನು. ಅದೇ ವರ್ಷ ಅಮೆರಿಕದ ಮ್ಯಾಸಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿಯೂ ಇದರ ಪಾಠಕ್ರಮ ಆರಂಭವಾಯಿತು. ಲಂಡನ್ನಿನಲ್ಲಿ ವಿಲಿಯಂ ಎಡ್ವರ್ಡ್ ಏರ್ಟನ್ ಮತ್ತು ಜಾನ್ ಪೆರಿ ಎಂಬಿಬ್ಬರು ಫಿನ್ಸ್‌ಬರಿ ತಾಂತ್ರಿಕ ಕಾಲೇಜಿನಲ್ಲಿ ಹೊಸ ಬೋಧನಕ್ರಮವೊಂದನ್ನು ರೂಢಿಗೆ ತಂದರು. ಗುರುವು ಮೇಜಿನ ಮೇಲೆ ಪ್ರಯೋಗ ಮಾಡಿ ತೋರಿಸುವುದು, ಶಿಷ್ಯರು ಬೆಂಚುಗಳಲ್ಲಿ ಕುಳಿತು ನೋಡುವುದು ಅಂದಿನ ಪರಿಪಾಠ. ಅದರ ಬದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನೇ ಉಪಕರಣವನ್ನು ಹಿಡಿದು ತಾನೇ ಅಳತೆ ಮಾಡಬೇಕೆಂಬುದು ಅವರ ಮತ. ಏರ್ಟನ್ನನು ೧೮೮೭ರಲ್ಲಿ ಪ್ರಕಟಿಸಿದ ‘ಪ್ರಾಕ್ಟಿಕಲ್ ಎಲೆಕ್ಟ್ರಿಸಿಟಿ’ ಎಂಬ ಪಠ್ಯಪುಸ್ತಕವು ಈ ಪ್ರಯೋಗಶಾಲೆಯ ಪಾಠಗಳಿಂದಲೇ ರೂಪುಗೊಂಡಿತು.

ಇಲ್ಲಿ ನಮ್ಮ ದೇಶಕ್ಕೂ ಒಂದು ಸಂಬಂಧವಿರುವುದನ್ನು ಗಮನಿಸಬೇಕು. ಏರ್ಟನ್ನನು ೧೮೬೮ರಲ್ಲಿ ಭಾರತದ ತಂತಿ ಇಲಾಖೆಯ ಕೆಲಸಕ್ಕೆ ಬಂದವನು. ನೂರಾರು ಮೈಲಿ ಹಬ್ಬಿದ ತಂತಿಯಲ್ಲಿ ದೋಷ ಎಲ್ಲಿದೆಯೆಂಬುದನ್ನು ಒಂದು ಕೊನೆಯಲ್ಲಿ ಕುಳಿತು ಅಳತೆಯಿಂದ ಕಂಡುಹಿಡಿಯುವುದು ಅಂದು ಅವನ ಮುಂದಿದ್ದ ಸಮಸ್ಯೆ. ಬಳಿಕ ೧೮೭೩ರಿಂದ ೧೮೭೮ರವರೆಗೆ ಅವನು ಟೋಕಿಯೋ ನಗರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದನು; ಲಂಡನ್ನಿನ ಕ್ರಮವು ರೂಪುಗೊಂಡುದು ಇದಾದ ನಂತರ. ದೋಷವನ್ನು ಅಳತೆಯಿಂದ ಹುಡುಕುವ ಅಭ್ಯಾಸವೇ ಈ ವಿದ್ಯೆಯ ತಾಯಿಬೇರು ಎಂದು ನಾವು ಮುಂದೆ ಹೇಳಲಿರುವ ಮಾತಿಗೆ ಇದು ಒಳ್ಳೆಯ ಪೀಠಿಕೆಯಾಗಿದೆ.

ನಮ್ಮ ನಾಡಿನಲ್ಲಿ ೧೯೦೨ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದುದು ಅದಕ್ಕೂ ಅನಂತರ, ೧೯೦೫ರಲ್ಲಿ. ಅಂದರೆ ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತು ಮೊದಲು ಬಂದುದು ದೀಪವಾಗಿಯಲ್ಲ, ಗಣಿಯ ಯಂತ್ರಗಳನ್ನು ನಡೆಸುವ ಶಕ್ತಿಯಾಗಿ. ೧೯೧೧ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಆರಂಭಿಸಿದಾಗ ಅದರ ಮೊದಲ ವಿಭಾಗಗಳಲ್ಲಿ ವಿದ್ಯುತ್ ತಂತ್ರಶಾಸ್ತ್ರವೂ ಒಂದಾಗಿತ್ತು. ಆಲ್‌ಫ್ರೆಡ್ ಹೇ ಅದರ ಮೊದಲ ಪ್ರಾಧ್ಯಾಪಕ. ೧೯೧೭ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಯಿತು.

೩. ಮೊದಲನೆಯ ಮೇಜು: ಡಿ.ಸಿ. ಮೋಟಾರು

ಪ್ರಯೋಗಶಾಲೆಯ ಒಂದು ಮೂಲೆಯಲ್ಲಿ ಹಳೆಯ ಡಿ.ಸಿ. ಮೋಟಾರೊಂದಿರುವುದು ವಾಡಿಕೆ. ಅದರ ಪಕ್ಕದಲ್ಲಿ ಹಿಡಿಯುಳ್ಳ ಒಂದು ಪೆಟ್ಟಿಗೆ. ಹಿಡಿಯನ್ನು ಎಡದಿಂದ ಬಲಕ್ಕೆ ಒಂದೊಂದೇ ಗುಂಡಿಯ ಮೇಲೆ ನಿಧಾನವಾಗಿ ಸರಿಸಬೇಕು. ಇದಕ್ಕೆ ಸ್ಟಾರ್ಟರು ಎಂದು ಹೆಸರು. ಇದು ಏತಕ್ಕೆ ಬೇಕು ಎಂಬ ಪ್ರಶ್ನೆಯಿಂದಲೇ ಮೋಟಾರಿನ ನಿಯಂತ್ರಣದ ಪಾಠ ಆರಂಭವಾಗುತ್ತದೆ.

ತಿರುಗುವ ಮೋಟಾರು ತಾನೇ ಒಂದು ಡೈನಮೋ ಸಹ ಆಗಿರುವುದರಿಂದ, ತನಗೆ ಕೊಟ್ಟ ವಿದ್ಯುತ್ತನ್ನು ಎದುರಿಸುವ ಒಂದು ಹಿಮ್ಮುಖ ವೋಲ್ಟೇಜನ್ನು ಅದು ಹುಟ್ಟಿಸುತ್ತದೆ. ಉದಾಹರಣೆಗೆ ೨೨೦ ವೋಲ್ಟಿನ ಮೋಟಾರೊಂದರ ಆರ್ಮೇಚರಿನ ರೋಧ ೧ ಓಮ್ ಇರಲಿ. ಮೋಟಾರು ತನ್ನ ವೇಗದಲ್ಲಿ ತಿರುಗುತ್ತಿರುವಾಗ ಹಿಮ್ಮುಖ ವೋಲ್ಟೇಜು ೨೧೦ ಇದ್ದರೆ, ಉಳಿದ ೧೦ ವೋಲ್ಟು ಮಾತ್ರ ೧ ಓಮ್ ರೋಧದ ಮೂಲಕ ೧೦ ಆಂಪಿಯರುಗಳನ್ನು ಹರಿಸುತ್ತದೆ. ಆದರೆ ಮೋಟಾರು ಇನ್ನೂ ನಿಂತಿರುವಾಗ ಹಿಮ್ಮುಖ ವೋಲ್ಟೇಜು ಸೊನ್ನೆ. ಆಗ ಪೂರ್ತಿ ೨೨೦ ವೋಲ್ಟು ಅದೇ ೧ ಓಮ್ ರೋಧದ ಮೇಲೆ ಬಿದ್ದು ೨೨೦ ಆಂಪಿಯರು ಹರಿಯುತ್ತದೆ. ಫ್ಯೂಸು ಹಾರುತ್ತದೆ, ಇಲ್ಲವೇ ಸುರುಳಿ ಸುಡುತ್ತದೆ. ಸ್ಟಾರ್ಟರಿನಲ್ಲಿ ೧೦ ಓಮ್ ರೋಧವನ್ನು ಮೊದಲು ಸೇರಿಸಿದರೆ ಒಟ್ಟು ೧೧ ಓಮ್ ಆಗಿ ಪ್ರವಾಹವು ೨೦ ಆಂಪಿಯರಿಗೆ ಇಳಿಯುತ್ತದೆ. ವೇಗ ಏರಿದಂತೆ ಹಿಮ್ಮುಖ ವೋಲ್ಟೇಜೂ ಏರುತ್ತದೆ. ಅದಕ್ಕೆ ತಕ್ಕಂತೆ ಹಿಡಿಯನ್ನು ಸರಿಸಿ ರೋಧವನ್ನು ಸ್ವಲ್ಪಸ್ವಲ್ಪವಾಗಿ ತೆಗೆಯಲಾಗುತ್ತದೆ.

ಈ ಲೆಕ್ಕವನ್ನು ಪುಸ್ತಕದಲ್ಲಿ ಓದಬಹುದು. ಆದರೆ ಹಿಡಿಯನ್ನು ಎಷ್ಟು ನಿಧಾನವಾಗಿ ಸರಿಸಬೇಕು ಎಂಬುದನ್ನು ಪುಸ್ತಕ ಹೇಳಲಾರದು. ಬೇಗ ಸರಿಸಿದರೆ ಆಂಪಿಯರು ಮಾಪಕದ ಮುಳ್ಳು ಹಾರಿ ಬೀಳುತ್ತದೆ. ತೀರ ತಡಮಾಡಿದರೆ ಸ್ವಲ್ಪ ಕಾಲಕ್ಕೆಂದೇ ಇಟ್ಟ ರೋಧದ ಸುರುಳಿ ಕಾಯುತ್ತದೆ. ಮೋಟಾರಿನ ದನಿ ಏರುವುದನ್ನು ಕಿವಿಯಿಂದ ಕೇಳಿ ಕೈ ಮುಂದಕ್ಕೆ ಹೋಗಬೇಕು. ನಾವು ಮೊದಲ ಸಲ ಸರಿಸಿದಾಗ ನಮ್ಮ ಕಣ್ಣು ಮುಳ್ಳಿನ ಮೇಲೆಯೇ ಇತ್ತು; ಮೂರನೆಯ ಸಲಕ್ಕೆ ಕಿವಿ ಸಾಕಾಯಿತು.

ಹಿಡಿಯ ಕೊನೆಯಲ್ಲಿ ಒಂದು ಚಿಕ್ಕ ವಿದ್ಯುದಯಸ್ಕಾಂತವಿದ್ದು ಅದು ಹಿಡಿಯನ್ನು ಕಚ್ಚಿಕೊಂಡಿರುತ್ತದೆ. ವಿದ್ಯುತ್ತು ನಿಂತ ಕೂಡಲೆ ಅದು ಬಿಡುತ್ತದೆ. ಸ್ಪ್ರಿಂಗು ಹಿಡಿಯನ್ನು ಮೊದಲಿನ ಸ್ಥಾನಕ್ಕೆ ಎಳೆಯುತ್ತದೆ. ಇಲ್ಲವಾದರೆ ವಿದ್ಯುತ್ತು ಮರಳಿದಾಗ ನಿಂತ ಮೋಟಾರಿನ ಮೇಲೆ ಪೂರ್ತಿ ವೋಲ್ಟೇಜು ಬೀಳುತ್ತಿತ್ತು. ಮೂರು ತುದಿಯ ಸ್ಟಾರ್ಟರಿನಲ್ಲಿ ಈ ಅಯಸ್ಕಾಂತವನ್ನು ಕ್ಷೇತ್ರ ಸುರುಳಿಯ ಸಾಲಿನಲ್ಲಿಯೇ ಸೇರಿಸಿರುವುದರಲ್ಲಿ ಮತ್ತೊಂದು ಜಾಣತನವಿದೆ. ಕ್ಷೇತ್ರದ ತಂತಿ ಕಡಿದುಹೋದರೆ ಹೊರೆಯಿಲ್ಲದ ಡಿ.ಸಿ. ಮೋಟಾರಿನ ವೇಗವು ಅಪಾಯದ ಮಟ್ಟಕ್ಕೆ ಏರುತ್ತದೆ. ಆದರೆ ತಂತಿ ಕಡಿದೊಡನೆ ಅಯಸ್ಕಾಂತವೂ ಸಾಯುವುದರಿಂದ ಹಿಡಿ ತಾನೇ ಕಳಚಿ ಮೋಟಾರು ನಿಲ್ಲುತ್ತದೆ. ನಿಯಂತ್ರಣವೆಂದರೆ ನಡೆಸುವುದಷ್ಟೇ ಅಲ್ಲ, ಕೆಟ್ಟಾಗ ಕ್ಷೇಮದ ಕಡೆಗೆ ಬೀಳುವಂತೆ ಮಾಡುವುದು ಎಂಬ ತತ್ತ್ವವನ್ನು ವಿದ್ಯಾರ್ಥಿಯು ಮೊದಲು ಕಾಣುವುದು ಇಲ್ಲಿಯೇ.

ವೇಗದ ನಿಯಂತ್ರಣಕ್ಕೆ ೧೮೯೧ರಲ್ಲಿ ಹ್ಯಾರಿ ವಾರ್ಡ್ ಲಿಯೊನಾರ್ಡ್ ಎಂಬ ಅಮೆರಿಕನ್ನನು ಒಂದು ಉತ್ತಮ ಕ್ರಮವನ್ನು ರೂಪಿಸಿದನು. ಮೋಟಾರಿಗೆಂದೇ ಪ್ರತ್ಯೇಕವಾದ ಡೈನಮೋ ಒಂದನ್ನಿಟ್ಟು, ಆ ಡೈನಮೋವಿನ ಕ್ಷೇತ್ರದ ಸಣ್ಣ ಪ್ರವಾಹವನ್ನು ಹೆಚ್ಚು ಕಡಿಮೆ ಮಾಡಿ, ದೊಡ್ಡ ಮೋಟಾರಿನ ವೇಗವನ್ನು ಸೊನ್ನೆಯಿಂದ ಪೂರ್ತಿಯವರೆಗೆ, ಬೇಕಾದರೆ ಹಿಮ್ಮುಖವಾಗಿಯೂ ನಡೆಸುವುದು ಅದರ ಸಾರ. ಗಣಿಗಳ ಎತ್ತುಯಂತ್ರಗಳಿಗೂ ಉಕ್ಕಿನ ಕಾರ್ಖಾನೆಗಳಿಗೂ ಮಹಡಿಗಳ ಲಿಫ್ಟುಗಳಿಗೂ ಇದು ಬಹುಕಾಲ ಆಧಾರವಾಗಿತ್ತು.

೪. ಎರಡನೆಯ ಮೇಜು: ಇಂಡಕ್ಷನ್ ಮೋಟಾರು

೧೮೮೮ರಲ್ಲಿ ನಿಕೋಲಾ ಟೆಸ್ಲಾ ಮತ್ತು ಗಲಿಲಿಯೋ ಫೆರಾರಿಸ್ ಎಂಬವರು ಬೇರೆಬೇರೆಯಾಗಿ ತಿರುಗುವ ಕಾಂತಕ್ಷೇತ್ರದ ಮೋಟಾರನ್ನು ಲೋಕಕ್ಕೆ ತಿಳಿಸಿದರು. ೧೮೮೯ರಲ್ಲಿ ಮಿಖಾಯಿಲ್ ದೊಲಿವೊ-ದೊಬ್ರೊವೊಲ್ಸ್‌ಕಿಯು ಮೂರು ಫೇಸುಗಳ, ಪಂಜರದಾಕಾರದ ರೋಟರಿನ ಮೋಟಾರನ್ನು ರಚಿಸಿದನು. ಈತನು ಡಾರ್ಮ್‌ಸ್ಟಾಟ್‌ನಲ್ಲಿ ಓದಿ, ಕಿಟ್ಲರನ ಸಹಾಯಕನಾಗಿದ್ದವನು. ಪ್ರಯೋಗಶಾಲೆಯ ಶಿಕ್ಷಣ ಆರಂಭವಾದ ಹತ್ತು ವರ್ಷಗಳೊಳಗೆ ಆ ಶಾಲೆಯಿಂದ ಹೊರಬಂದ ಒಬ್ಬನ ಕೈಯಿಂದಲೇ ಇಂದಿನ ಕಾರ್ಖಾನೆಗಳನ್ನೆಲ್ಲ ನಡೆಸುವ ಮೋಟಾರು ಹುಟ್ಟಿತೆಂಬುದು ಗಮನಾರ್ಹವಾದ ಸಂಗತಿ. ೧೮೯೧ರಲ್ಲಿ ಲೌಫನ್ ಎಂಬಲ್ಲಿಂದ ೧೭೫ ಕಿಲೋಮೀಟರು ದೂರದ ಫ್ರಾಂಕ್‌ಫರ್ಟಿನ ಪ್ರದರ್ಶನಕ್ಕೆ ವಿದ್ಯುತ್ತನ್ನು ಹರಿಸಿದಾಗ, ಅಲ್ಲಿ ನೀರೆತ್ತಿ ಕೃತಕ ಜಲಪಾತವನ್ನು ನಡೆಸಿದುದು ಈ ಬಗೆಯ ಮೋಟಾರೇ.

ನಮ್ಮ ದೇಶದ ವಿದ್ಯುತ್ತಿನ ಆವೃತ್ತಿ ಸೆಕೆಂಡಿಗೆ ೫೦. ನಾಲ್ಕು ಧ್ರುವಗಳ ಮೋಟಾರಿನಲ್ಲಿ ಕಾಂತಕ್ಷೇತ್ರವು ನಿಮಿಷಕ್ಕೆ ೧೫೦೦ ಸುತ್ತು ಸುತ್ತುತ್ತದೆ. ಆರು ಧ್ರುವಗಳಿದ್ದರೆ ೧೦೦೦. ರೋಟರು ಈ ವೇಗವನ್ನು ಎಂದಿಗೂ ಮುಟ್ಟುವುದಿಲ್ಲ. ಮುಟ್ಟಿದರೆ ಕ್ಷೇತ್ರಕ್ಕೂ ರೋಟರಿಗೂ ನಡುವೆ ಸಾಪೇಕ್ಷ ಚಲನೆಯೇ ಇಲ್ಲವಾಗಿ, ರೋಟರಿನಲ್ಲಿ ಪ್ರವಾಹವೂ ಇಲ್ಲ, ತಿರುಗಿಸುವ ಬಲವೂ ಇಲ್ಲ. ಪೂರ್ಣ ಹೊರೆಯಲ್ಲಿ ರೋಟರು ೧೪೪೦ ಸುತ್ತು ತಿರುಗಿದರೆ, ೬೦ ಸುತ್ತು ಹಿಂದೆ ಬಿದ್ದಂತಾಯಿತು; ಇದು ನೂರಕ್ಕೆ ೪. ಇದನ್ನೇ ‘ಸ್ಲಿಪ್’ ಎನ್ನುತ್ತಾರೆ. ಹಿಂದೆ ಬೀಳುವುದೇ ಈ ಮೋಟಾರು ಕೆಲಸಮಾಡುವ ಬಗೆ ಎಂಬುದು ವಿದ್ಯಾರ್ಥಿಗೆ ಮೊದಲು ಅಚ್ಚರಿ. ಹೊರೆಯನ್ನು ಏರಿಸುತ್ತ ಹೋದಂತೆ ವೇಗಮಾಪಕದ ಅಂಕೆ ಸ್ವಲ್ಪಸ್ವಲ್ಪವಾಗಿ ಇಳಿದು ಆಂಪಿಯರು ಏರುವುದನ್ನು ತಾನೇ ಬರೆದುಕೊಂಡಾಗ ಆ ಅಚ್ಚರಿ ತಿಳಿವಳಿಕೆಯಾಗುತ್ತದೆ.

ಈ ಮೋಟಾರನ್ನು ನೇರವಾಗಿ ಪೂರ್ಣ ವೋಲ್ಟೇಜಿಗೆ ಜೋಡಿಸಿದರೆ ಆರಂಭದಲ್ಲಿ ಪೂರ್ಣ ಹೊರೆಯ ಐದರಿಂದ ಏಳು ಪಟ್ಟು ಪ್ರವಾಹ ಹರಿಯುವುದು ಸಾಮಾನ್ಯ. ಇದನ್ನು ತಗ್ಗಿಸಲು ಸ್ಟಾರ್-ಡೆಲ್ಟಾ ಸ್ಟಾರ್ಟರನ್ನು ಬಳಸುತ್ತಾರೆ. ಮೂರು ಸುರುಳಿಗಳನ್ನು ಮೊದಲು ಸ್ಟಾರ್ ಕ್ರಮದಲ್ಲಿ ಜೋಡಿಸಿದರೆ ಪ್ರತಿಯೊಂದಕ್ಕೂ ೪೧೫ ವೋಲ್ಟಿನ ಬದಲು ಸುಮಾರು ೨೪೦ ವೋಲ್ಟು ಸಿಗುತ್ತದೆ. ಆಗ ಸಾಲಿನಿಂದ ಎಳೆಯುವ ಪ್ರವಾಹ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದರೆ ತಿರುಗಿಸುವ ಬಲವೂ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ಮೂರರಲ್ಲೊಂದು ಪಾಲಿಗೇ ಇಳಿಯುತ್ತದೆ. ಆದಕಾರಣ ಮೊದಲಿಂದಲೇ ಭಾರವಾದ ಹೊರೆಯಿರುವ ಕಡೆ ಈ ಉಪಾಯ ಸಲ್ಲದು. ಲಾಭಕ್ಕೆ ಬೆಲೆಯುಂಟೆಂಬ ಈ ಪಾಠವನ್ನು, ಹೊರೆ ಕಟ್ಟಿದ ಮೋಟಾರು ಸ್ಟಾರ್ ಜೋಡಣೆಯಲ್ಲಿ ಗುಂಯ್‌ಗುಟ್ಟುತ್ತ ಏಳಲಾರದೆ ನಿಂತುದನ್ನು ಕಂಡವನು ಮರೆಯಲಾರನು.

೫. ಮೂರನೆಯ ಮೇಜು: ಗುಂಡಿ, ರಿಲೇ, ಕಾಂಟ್ಯಾಕ್ಟರು

ಕಾರ್ಖಾನೆಯಲ್ಲಿ ಇಂದು ಹಿಡಿ ಸರಿಸುವವರಿಲ್ಲ. ಹಸಿರು ಗುಂಡಿಯನ್ನು ಒತ್ತಿದರೆ ನಡೆಯುತ್ತದೆ, ಕೆಂಪು ಗುಂಡಿಯನ್ನು ಒತ್ತಿದರೆ ನಿಲ್ಲುತ್ತದೆ. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರು ಪೆಟ್ಟಿಗೆಯಲ್ಲಿ ನಮ್ಮ ರೈತರೆಲ್ಲರೂ ಕಂಡಿರುವುದು ಇದನ್ನೇ. ಗುಂಡಿಯಿಂದ ಬೆರಳನ್ನು ತೆಗೆದ ಮೇಲೂ ಮೋಟಾರು ನಡೆಯುತ್ತಿರುವುದು ಹೇಗೆ? ಗುಂಡಿಯು ಕಾಂಟ್ಯಾಕ್ಟರಿನ ಸುರುಳಿಗೆ ವಿದ್ಯುತ್ತನ್ನು ಕೊಡುತ್ತದೆ. ಕಾಂಟ್ಯಾಕ್ಟರು ಮುಚ್ಚಿಕೊಂಡು ಮೋಟಾರಿಗೆ ವಿದ್ಯುತ್ತನ್ನು ಹರಿಸುತ್ತದೆ. ಅದರೊಡನೆಯೇ ಅದರ ಒಂದು ಚಿಕ್ಕ ಜೊತೆಸಂಪರ್ಕವೂ ಮುಚ್ಚಿ, ಗುಂಡಿಗೆ ಸಮಾನಾಂತರವಾಗಿ ತನ್ನ ಸುರುಳಿಗೆ ತಾನೇ ವಿದ್ಯುತ್ತನ್ನು ಒದಗಿಸಿಕೊಳ್ಳುತ್ತದೆ. ವಿದ್ಯುತ್ತು ಹೋದರೆ ಎಲ್ಲವೂ ಬಿಟ್ಟುಕೊಳ್ಳುತ್ತದೆ. ಮರಳಿ ಬಂದಾಗ ಮತ್ತೆ ಯಾರಾದರೂ ಒತ್ತುವವರೆಗೆ ಮೋಟಾರು ಎದ್ದೇಳುವುದಿಲ್ಲ. ಹಳೆಯ ಹಿಡಿಯ ಅಯಸ್ಕಾಂತವು ಮಾಡುತ್ತಿದ್ದ ಕೆಲಸವನ್ನೇ ಇದು ಹೊಸ ರೂಪದಲ್ಲಿ ಮಾಡುತ್ತಿದೆ.

ನಿಲ್ಲಿಸುವ ಗುಂಡಿಯ ರಚನೆಯನ್ನೂ ಗಮನಿಸತಕ್ಕದ್ದು. ಅದು ಸಹಜಸ್ಥಿತಿಯಲ್ಲಿ ಮುಚ್ಚಿರುತ್ತದೆ. ಒತ್ತಿದಾಗ ಸಾಲನ್ನು ಕಡಿಯುತ್ತದೆ. ಒತ್ತಿದಾಗ ಮುಚ್ಚುವ ಗುಂಡಿಯಿಂದಲೂ ಮೋಟಾರನ್ನು ನಿಲ್ಲಿಸುವ ಏರ್ಪಾಡನ್ನು ಮಾಡಬಹುದಲ್ಲವೆ ಎಂದು ವಿದ್ಯಾರ್ಥಿಯೊಬ್ಬನು ಕೇಳಿದನು. ಅಧ್ಯಾಪಕರು ಉತ್ತರ ಹೇಳದೆ ಎರಡು ರೀತಿಯನ್ನೂ ಜೋಡಿಸಲು ಹೇಳಿ, ಅನಂತರ ಎರಡರಲ್ಲಿಯೂ ಗುಂಡಿಗೆ ಹೋಗುವ ತಂತಿಯನ್ನು ಬಿಚ್ಚಿದರು. ಮೊದಲನೆಯದು ತಾನಾಗಿ ನಿಂತಿತು. ಎರಡನೆಯದರಲ್ಲಿ ಮೋಟಾರು ನಡೆಯುತ್ತಲೇ ಇತ್ತು. ಗುಂಡಿಯನ್ನು ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಹುಡುಗನು ಒಂದು ಕ್ಷಣ ಸುಮ್ಮನಿದ್ದು, ‘ಕೈ ಸಿಕ್ಕಿಕೊಂಡಿದ್ದರೆ?’ ಎಂದನು. ಇದಕ್ಕಿಂತ ಉತ್ತಮವಾದ ಪಾಠವನ್ನು ನಾವು ಯಾವ ತರಗತಿಯಲ್ಲಿಯೂ ಕಂಡಿಲ್ಲ.

ಸ್ಟಾರ್-ಡೆಲ್ಟಾ ಸ್ಟಾರ್ಟರನ್ನು ಕಾಂಟ್ಯಾಕ್ಟರುಗಳಿಂದ ಕಟ್ಟುವಾಗ ಮತ್ತೊಂದು ವಿಚಾರ ಎದುರಾಗುತ್ತದೆ. ಸ್ಟಾರ್ ಕಾಂಟ್ಯಾಕ್ಟರೂ ಡೆಲ್ಟಾ ಕಾಂಟ್ಯಾಕ್ಟರೂ ಒಟ್ಟಿಗೆ ಮುಚ್ಚಿಕೊಂಡರೆ ಮೂರು ಫೇಸುಗಳೂ ನೇರವಾಗಿ ಒಂದಕ್ಕೊಂದು ತಾಕಿದಂತಾಗುತ್ತದೆ. ಆದುದರಿಂದ ಒಂದು ಮುಚ್ಚಿರುವಾಗ ಇನ್ನೊಂದರ ಸುರುಳಿಗೆ ವಿದ್ಯುತ್ತು ಹೋಗದಂತೆ ಪರಸ್ಪರ ತಡೆಯನ್ನು ಇಡಬೇಕು. ವಿದ್ಯಾರ್ಥಿಯು ಇದನ್ನು ಮೋಟಾರಿನ ವಿದ್ಯುತ್ತನ್ನು ಕೊಡದೆ, ನಿಯಂತ್ರಣದ ಸಾಲಿಗೆ ಮಾತ್ರ ವಿದ್ಯುತ್ತನ್ನು ಕೊಟ್ಟು ಮೊದಲು ಪರೀಕ್ಷಿಸಬೇಕು. ಮೋಟಾರಿನ ಆರು ತುದಿಗಳಲ್ಲಿ ಯಾವ ಎರಡು ಒಂದೇ ಸುರುಳಿಗೆ ಸೇರಿದವೆಂಬುದನ್ನು ಮಾಪಕದಿಂದ ಕಂಡುಕೊಂಡು ಗುರುತು ಕಟ್ಟಬೇಕು. ಇವೆಲ್ಲವೂ ನಿಧಾನದ ಕೆಲಸಗಳು. ಇವುಗಳಲ್ಲಿ ಒಂದನ್ನು ಬಿಟ್ಟರೂ ಆಗುವ ಅನರ್ಥವು ಕೂಡಲೆ ಶಬ್ದಸಹಿತವಾಗಿ ತಿಳಿದುಬರುತ್ತದೆ.

ಹೊರೆ ಮೀರಿದಾಗ ಮೋಟಾರನ್ನು ಬಿಡಿಸುವ ರಿಲೇಯಲ್ಲಿ ಎರಡು ಲೋಹಗಳ ಪಟ್ಟಿಯಿದ್ದು, ಬಿಸಿಯಾದಾಗ ಬಾಗಿ ಸಾಲನ್ನು ಕಡಿಯುತ್ತದೆ. ಅದನ್ನು ಮೋಟಾರಿನ ಫಲಕದ ಮೇಲೆ ಬರೆದಿರುವ ಆಂಪಿಯರಿಗೆ ಹೊಂದಿಸಬೇಕು. ಪದೇಪದೇ ಬಿಡುತ್ತದೆಂದು ಬೇಸತ್ತು ಅದನ್ನು ಹೆಚ್ಚಿನ ಅಂಕೆಗೆ ತಿರುಗಿಸಿದರೆ ತೊಂದರೆ ತೀರಿದಂತೆ ಕಾಣುತ್ತದೆ. ಆದರೆ ಮೂರು ಫೇಸುಗಳಲ್ಲಿ ಒಂದು ತಪ್ಪಿದ ದಿನ ಉಳಿದೆರಡು ಸುರುಳಿಗಳು ಸುಟ್ಟು ರೈತನ ಬೆಳೆ ನೀರಿಲ್ಲದೆ ಒಣಗುತ್ತದೆ. ರಿಲೇ ಬಿಡುವುದು ರೋಗವಲ್ಲ, ರೋಗದ ಲಕ್ಷಣ ಎಂಬುದನ್ನು ಕಲಿತವನೇ ನಿಜವಾದ ನಿಯಂತ್ರಣಜ್ಞ.

೬. ನಾಲ್ಕನೆಯ ಮೇಜು: ಡ್ರೈವು

೧೯೫೭ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಥೈರಿಸ್ಟರು ರೂಪುಗೊಂಡಿತು. ಚಲಿಸುವ ಭಾಗವೇ ಇಲ್ಲದೆ ದೊಡ್ಡ ಪ್ರವಾಹವನ್ನು ಸಣ್ಣ ಸಂಕೇತದಿಂದ ಹರಿಯಗೊಡುವ ಈ ವಸ್ತುವೂ ಅನಂತರದ ಟ್ರಾನ್ಸಿಸ್ಟರುಗಳೂ ಮೋಟಾರಿನ ನಿಯಂತ್ರಣವನ್ನು ಬದಲಾಯಿಸಿಬಿಟ್ಟವು. ಇಂದಿನ ಡ್ರೈವು ಎ.ಸಿ. ವಿದ್ಯುತ್ತನ್ನು ಮೊದಲು ಡಿ.ಸಿ. ಮಾಡಿ, ಮತ್ತೆ ಬೇಕಾದ ಆವೃತ್ತಿಯ ಎ.ಸಿ.ಯಾಗಿ ಕಡೆದು ಕೊಡುತ್ತದೆ. ಆವೃತ್ತಿಯನ್ನು ೫೦ರಿಂದ ೨೫ಕ್ಕೆ ಇಳಿಸಿದರೆ ನಾಲ್ಕು ಧ್ರುವಗಳ ಮೋಟಾರಿನ ಕ್ಷೇತ್ರದ ವೇಗ ೧೫೦೦ರಿಂದ ೭೫೦ಕ್ಕೆ ಇಳಿಯುತ್ತದೆ. ಆದರೆ ವೋಲ್ಟೇಜನ್ನು ಹಾಗೆಯೇ ಬಿಟ್ಟರೆ ಕಬ್ಬಿಣದಲ್ಲಿ ಕಾಂತತ್ವ ತುಂಬಿ ತುಳುಕಿ ಪ್ರವಾಹ ವೃಥಾ ಏರುತ್ತದೆ. ಆದುದರಿಂದ ಎರಡರ ಪ್ರಮಾಣವನ್ನು ಕಾಯಬೇಕು: ೪೧೫ನ್ನು ೫೦ರಿಂದ ಭಾಗಿಸಿದರೆ ೮.೩, ೨೫ರ ಆವೃತ್ತಿಗೆ ಸುಮಾರು ೨೦೮ ವೋಲ್ಟು.

ಡ್ರೈವಿನ ಒಳಗಿನ ಡಿ.ಸಿ. ವೋಲ್ಟೇಜು ಸುಮಾರು ೫೮೭ರವರೆಗೆ ಇರುತ್ತದೆ. ಸ್ವಿಚ್ಚನ್ನು ಆರಿಸಿದ ಮೇಲೂ ಅದರ ಕೆಪಾಸಿಟರುಗಳಲ್ಲಿ ಆ ವಿದ್ಯುತ್ತು ಕೆಲವು ನಿಮಿಷ ನಿಂತಿರುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುವಷ್ಟು ಹೊತ್ತು ಕಾದು, ಮಾಪಕದಿಂದ ಅಳೆದು, ಅನಂತರವೇ ಕೈಯಿಡತಕ್ಕದ್ದು. ನಿಂತ ಯಂತ್ರವು ಸತ್ತ ಯಂತ್ರವಲ್ಲ ಎಂಬ ಈ ವಿವೇಕವನ್ನು ತೆರೆಯ ಮೇಲಿನ ಚಿತ್ರ ಕಲಿಸಲಾರದು.

೧೯೬೮-೬೯ರಲ್ಲಿ ಮೋಟಾರುಗಾಡಿಯ ಕಾರ್ಖಾನೆಗಳ ಅಗತ್ಯಕ್ಕಾಗಿ ರಿಲೇಗಳ ಕೆಲಸವನ್ನು ಲೆಕ್ಕದಿಂದಲೇ ಮಾಡುವ ನಿಯಂತ್ರಕಗಳು ಅಮೆರಿಕದಲ್ಲಿ ಬಂದವು, ಇವಕ್ಕೆ ಪಿ.ಎಲ್.ಸಿ. ಎನ್ನುತ್ತಾರೆ. ಅವುಗಳಿಗೆ ಆಜ್ಞೆ ಬರೆಯುವ ರೀತಿ ಇತಿಹಾಸಕಾರರಿಗೆ ಬಹಳ ಸ್ವಾರಸ್ಯವಾದುದು. ತೆರೆಯ ಮೇಲೆ ಏಣಿಯ ಮೆಟ್ಟಿಲುಗಳಂತೆ ಗೆರೆಗಳನ್ನೆಳೆದು, ಅವುಗಳ ನಡುವೆ ಸಂಪರ್ಕಗಳ ಮತ್ತು ಸುರುಳಿಗಳ ಚಿಹ್ನೆಗಳನ್ನಿಡುತ್ತಾರೆ. ಅಲ್ಲಿ ಸುರುಳಿಯೂ ಇಲ್ಲ, ಸಂಪರ್ಕವೂ ಇಲ್ಲ. ಹಳೆಯ ರಿಲೇ ಫಲಕದ ನಕ್ಷೆಯನ್ನೇ ಹೊಸ ಯಂತ್ರ ತನ್ನ ಭಾಷೆಯನ್ನಾಗಿ ಮಾಡಿಕೊಂಡಿದೆ. ಮರದ ತೊಲೆಗಳ ಆಕಾರವನ್ನು ಕಲ್ಲಿನ ದೇವಾಲಯದಲ್ಲಿ ಕಡೆದಿಟ್ಟಂತೆ ಇದು. ಮರದ ಕೆಲಸವನ್ನರಿಯದವನಿಗೆ ಕಲ್ಲಿನ ಆ ಆಕಾರ ಬರಿಯ ಅಲಂಕಾರವಾಗಿ ಕಾಣುವಂತೆ, ಕಾಂಟ್ಯಾಕ್ಟರನ್ನು ಮುಟ್ಟದವನಿಗೆ ಈ ಏಣಿಯ ನಕ್ಷೆ ಅರ್ಥವಿಲ್ಲದ ಲಿಪಿಯಾಗುತ್ತದೆ.

೧೯೭೧ರ ಸುಮಾರಿಗೆ ಜರ್ಮನಿಯ ಫೆಲಿಕ್ಸ್ ಬ್ಲಾಷ್ಕೆ ನಿರೂಪಿಸಿದ ನಿಯಂತ್ರಣ ತತ್ತ್ವದ ಸಾರವೂ ಇಂಥದೇ. ಇಂಡಕ್ಷನ್ ಮೋಟಾರಿನ ಪ್ರವಾಹವನ್ನು ಲೆಕ್ಕದಿಂದ ಎರಡು ಪಾಲು ಮಾಡಿ, ಒಂದರಿಂದ ಕ್ಷೇತ್ರವನ್ನೂ ಮತ್ತೊಂದರಿಂದ ತಿರುಗಿಸುವ ಬಲವನ್ನೂ ಬೇರೆಬೇರೆಯಾಗಿ ಆಳುವುದು, ಅಂದರೆ ಎ.ಸಿ. ಮೋಟಾರನ್ನು ಡಿ.ಸಿ. ಮೋಟಾರಿನಂತೆ ನಡೆಯಿಸುವುದು. ಹಳೆಯ ಡಿ.ಸಿ. ಮೇಜು ಜಾಗವನ್ನು ತಿನ್ನುತ್ತದೆ, ಅದನ್ನು ಗುಜರಿಗೆ ಹಾಕಬೇಕು ಎಂಬ ಮಾತು ಕೆಲವೆಡೆ ಕೇಳಿಬರುತ್ತದೆ. ಅದನ್ನು ಹಾಕಿದರೆ ಅತ್ಯಂತ ಹೊಸ ಡ್ರೈವಿಗೆ ವಿವರಣೆ ಹೇಳುವ ಮೇಜೇ ಹೋದಂತಾಗುತ್ತದೆಂಬುದು ನಮ್ಮ ಅಭಿಪ್ರಾಯ.

೭. ಪ್ರತಿಕಾರನ ತಪ್ಪು

ಈಗ ನಮಗೆ ನೋವನ್ನುಂಟುಮಾಡಿದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ನಾವು ನೋಡಿದ ಆ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳ ದಾಖಲೆ ಪುಸ್ತಕಗಳನ್ನು ತಿರುವುತ್ತಿದ್ದೆವು. ಇಂಡಕ್ಷನ್ ಮೋಟಾರಿನ ಪ್ರಯೋಗದಲ್ಲಿ ಹಲವರು ಪೂರ್ಣ ಹೊರೆಯ ವೇಗ ೧೪೪೦ ಎಂದು ಬರೆದಿದ್ದರು; ಸ್ಲಿಪ್ ನೂರಕ್ಕೆ ೪; ಅಧ್ಯಾಪಕರ ಸಹಿಯೂ ಬಿದ್ದಿತ್ತು. ಮೇಜಿನ ಮೇಲಿನ ಮೋಟಾರಿನ ಫಲಕವನ್ನು ನೋಡಿದರೆ ಅದು ಆರು ಧ್ರುವಗಳದು. ೧೦೦೦ ಸುತ್ತಿನ ಕ್ಷೇತ್ರದಲ್ಲಿ ಅದು ೧೪೪೦ ಸುತ್ತು ತಿರುಗುವುದು ಸಾಧ್ಯವೇ ಇಲ್ಲ. ವಿಚಾರಿಸಿದಾಗ ಹಿಂದಿನ ವರ್ಷ ಮೋಟಾರನ್ನು ಬದಲಾಯಿಸಿದ್ದರೆಂದು ತಿಳಿಯಿತು. ಮೋಟಾರು ಬದಲಾಯಿತು, ಅಂಕೆಗಳು ಬದಲಾಗಲಿಲ್ಲ. ಅವು ಹಿರಿಯರ ಪುಸ್ತಕದಿಂದ ಕಿರಿಯರ ಪುಸ್ತಕಕ್ಕೆ ಇಳಿದು ಬಂದಿದ್ದವು.

ಓಲೆಗರಿಗಳ ಪ್ರತಿಗಳನ್ನು ಹೋಲಿಸುವವರಿಗೆ ಇದು ಪರಿಚಿತವಾದ ವ್ಯವಹಾರ. ಮೂಲದಲ್ಲಿದ್ದ ತಪ್ಪು ಎಲ್ಲ ಪ್ರತಿಗಳಲ್ಲಿಯೂ ಕಂಡರೆ, ಅವೆಲ್ಲ ಒಂದೇ ಮೂಲದಿಂದ ಬಂದವೆಂದು ನಾವು ನಿರ್ಣಯಿಸುತ್ತೇವೆ. ಆದರೆ ಹಳೆಯ ಪ್ರತಿಕಾರನು ತಾನು ನಕಲು ಮಾಡುತ್ತಿದ್ದೇನೆಂದು ಒಪ್ಪಿಕೊಂಡಿದ್ದನು. ಇಲ್ಲಿ ನಕಲು ಅಳತೆಯ ವೇಷವನ್ನು ಹಾಕಿಕೊಂಡಿದೆ. ಇದರಲ್ಲಿ ವಿದ್ಯಾರ್ಥಿಗಳನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಒಂದು ಮೇಜಿಗೆ ಎಂಟು ಮಂದಿ. ಇಬ್ಬರು ತಂತಿ ಜೋಡಿಸುತ್ತಾರೆ, ಒಬ್ಬನು ಬರೆಯುತ್ತಾನೆ, ಉಳಿದವರು ನಿಂತು ನೋಡುತ್ತಾರೆ. ಆಯುಧಪೂಜೆಯ ದಿನ ಯಂತ್ರಕ್ಕೆ ಅರಿಸಿನ ಕುಂಕುಮ ಹಚ್ಚಿ ಕೈಮುಗಿಯುವ ನಾವು ಉಳಿದ ದಿನಗಳಲ್ಲಿ ಅದು ಕೆಟ್ಟೀತೆಂಬ ಭಯದಿಂದ ವಿದ್ಯಾರ್ಥಿಯ ಕೈಯನ್ನು ದೂರವಿಡುತ್ತೇವೆ. ಸರಿಯಾದ ಅಂಕೆಗೆ ಗುಣ, ತಪ್ಪಾದ ಅಂಕೆಗೆ ಗುಣವಿಲ್ಲ ಎಂಬ ಪದ್ಧತಿಯಿರುವಾಗ ಪ್ರಾಮಾಣಿಕವಾಗಿ ೯೫೨ ಎಂದು ಬರೆದವನು ಹೆದರುತ್ತಾನೆ, ೧೪೪೦ ಎಂದು ನಕಲು ಮಾಡಿದವನು ನಿಶ್ಚಿಂತನಾಗಿರುತ್ತಾನೆ.

ಈ ಹುಡುಗರೇ ನಾಳೆ ಆಸ್ಪತ್ರೆಯ ಲಿಫ್ಟನ್ನೂ ಊರಿನ ನೀರಿನ ಪಂಪನ್ನೂ ನೋಡಿಕೊಳ್ಳತಕ್ಕವರು. ಅಂಕೆಯನ್ನು ಕಂಡು ಇದು ಅಸಾಧ್ಯವೆಂದು ಹೇಳಬಲ್ಲ ಕಣ್ಣು ಅವರಿಗೆ ಬೇಕು.

೮. ಕೆಲವು ಸೂಚನೆಗಳು

ಕಂಪ್ಯೂಟರಿನ ತೆರೆಯ ಮೇಲೆ ಮೋಟಾರನ್ನು ಅನುಕರಿಸಿ ತೋರಿಸುವ ಸೌಕರ್ಯ ಈಗ ಹೇರಳವಾಗಿದೆ. ನಾವು ಅದಕ್ಕೆ ವಿರೋಧಿಗಳಲ್ಲ. ಮೇಜಿಗೆ ಬರುವ ಮೊದಲು ಜೋಡಣೆಯನ್ನು ಪರೀಕ್ಷಿಸಿಕೊಳ್ಳಲು, ನಿಜವಾಗಿ ಮಾಡಿದರೆ ಅಪಾಯವಾಗುವ ತಪ್ಪುಗಳ ಫಲವನ್ನು ಕಾಣಲು ಅದು ಉಪಯುಕ್ತ. ಆದರೆ ಅದರಲ್ಲಿ ತಿರುಪು ಸಡಿಲವಾಗುವುದಿಲ್ಲ, ಸಂಪರ್ಕದ ತುದಿ ಕರಕಾಗುವುದಿಲ್ಲ, ಸುಟ್ಟ ವಾಸನೆ ಬರುವುದಿಲ್ಲ. ದೋಷವೆಂಬುದು ಈ ಲೋಕದಲ್ಲಿ ಹೆಚ್ಚಾಗಿ ಇಂಥ ರೂಪದಲ್ಲಿಯೇ ಬರುತ್ತದೆ.

ಯಂತ್ರಶಾಸ್ತ್ರದ ಅಧ್ಯಾಪಕರೊಡನೆ ಚರ್ಚಿಸಿದ ಮೇಲೆ ನಮಗೆ ತೋರಿದ ನಾಲ್ಕು ಮಾತುಗಳನ್ನು ಇಲ್ಲಿ ಇಡುತ್ತೇವೆ. ಒಂದು, ಮೇಜಿಗೆ ಮೂವರಿಗಿಂತ ಹೆಚ್ಚು ಮಂದಿ ಇರಬಾರದು. ಮೇಜುಗಳು ಸಾಲದಿದ್ದರೆ ಪ್ರಯೋಗಗಳ ಸಂಖ್ಯೆಯನ್ನು ಇಳಿಸುವುದು ಲೇಸು. ಎರಡು, ವಿದ್ಯುತ್ತನ್ನು ಕೊಡುವ ಮೊದಲು ವಿದ್ಯಾರ್ಥಿಯು ಫಲಕವನ್ನು ಓದಿ, ಬರಬೇಕಾದ ಅಂಕೆ ಸುಮಾರು ಎಷ್ಟೆಂದು ಬರೆದು ಸಹಿಮಾಡಬೇಕು. ಅಳತೆಯು ಅದಕ್ಕಿಂತ ಬೇರೆಯಾದರೆ ಕಾರಣವನ್ನು ಬರೆದವನಿಗೇ ಗುಣ. ಮೂರು, ಪರೀಕ್ಷೆಯಲ್ಲಿ ಸರಿಯಾದ ಜೋಡಣೆಯನ್ನು ಮಾಡಿಸುವುದಕ್ಕಿಂತ, ಅಧ್ಯಾಪಕರು ಗುಟ್ಟಾಗಿ ಒಂದು ದೋಷವನ್ನಿಟ್ಟು ಅದನ್ನು ಮಾಪಕದಿಂದ ಹುಡುಕಲು ಹೇಳಬೇಕು. ನಾಲ್ಕು, ಹಳೆಯ ಮೇಜುಗಳನ್ನು ಹೊಸವುಗಳ ಪಕ್ಕದಲ್ಲಿಯೇ ಉಳಿಸಿ, ಕಾಲಾನುಕ್ರಮದಲ್ಲಿ ಕಲಿಸಬೇಕು.

ಮೂರನೆಯ ಸೂಚನೆಯು ಹೊಸದೇನೂ ಅಲ್ಲ. ೧೮೬೮ರಲ್ಲಿ ಏರ್ಟನ್ನನು ಈ ದೇಶದಲ್ಲಿ ಮಾಡಿದ ಕೆಲಸವೂ ಅದೇ: ಕಾಣದ ದೋಷವನ್ನು ಅಳತೆಯಿಂದ ಹುಡುಕುವುದು. ನಾವು ಇತಿಹಾಸದ ವಿದ್ಯಾರ್ಥಿಗಳು ಮಾಡುವುದೂ ಬೇರೆಯಲ್ಲ. ಶಾಸನವನ್ನು ಅಚ್ಚಾದ ಪುಸ್ತಕದಲ್ಲಿ ಓದಿದವನಿಗೂ ಕಲ್ಲಿನ ಮುಂದೆ ನಿಂತು ಓದಿದವನಿಗೂ ಇರುವ ಅಂತರವನ್ನು ನಮ್ಮ ಗುರುಗಳು ನಮಗೆ ತಿಳಿಸಿಕೊಟ್ಟಿದ್ದಾರೆ. ಆ ಅವಧಿಯ ಕೊನೆಯ ವಾರದಲ್ಲಿ ಅಧ್ಯಾಪಕರು ಇಂಡಕ್ಷನ್ ಮೋಟಾರಿನ ಪ್ರಯೋಗವನ್ನು ಮತ್ತೊಮ್ಮೆ ಮಾಡಿಸಿದರು. ಪುಸ್ತಕಗಳಲ್ಲಿ ೯೫೨, ೯೫೫, ೯೪೮ ಎಂಬ ಅಂಕೆಗಳು ಬಂದವು. ಒಂದಕ್ಕೊಂದು ಸರಿಹೋಗದ ಆ ಅಂಕೆಗಳ ಕೆಳಗೆ ಅಧ್ಯಾಪಕರು ಸಂತೋಷದಿಂದಲೇ ಸಹಿ ಮಾಡಿದುದನ್ನು ನಾವು ಕಂಡೆವು.